ಎಲ್ಲರನ್ನೂ ಮಗಾ ಎನ್ನುತ್ತಿದ್ದವಳು

ನಮ್ಮ ಮನೆಮಾತಿನ ಒಂದೇ ಒಂದು ಪದಕ್ಕಾಗಿ ನಾನು ಉತ್ತಮಪಾಳಯಂ ಕೋರ್ಟಿಗೆ ವರ್ಷಗಟ್ಟಲೆ ಅಲೆದಿದ್ದೇನೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಓಡೈಪಟ್ಟಿಯ ಆ ಮುದುಕಿ ತಮಿಳುನಾಡಿನಲ್ಲಿ ನೆಲೆಸಿದ ನಮ್ಮ ಕನ್ನಡದ ಜನದವಳೇ. ಗಂಡ ಸತ್ತಿದ್ದ, ಮಕ್ಕಳಾಗಿರಲಿಲ್ಲ. ದ್ರಾಕ್ಷಿ ಚಪ್ಪರದ ಕೆಳಗೆ ಕೈಯೆತ್ತಿ ದುಡಿದೂ ದುಡಿದೂ ಕೊನೆಗೆ ಕೈಯೇ ಮೇಲೇಳದಂತಾಗಿತ್ತು. ಸರ್ಕಾರದ ವೃದ್ಧಾಪ್ಯ ಪಿಂಚಣಿಯೊಂದೇ ಅವಳಿಗೆ ಅನ್ನ. ದುಡಿಯುವ ಮಗನಿದ್ದರೆ ಅದು ಸಿಗುವುದಿಲ್ಲ. ಒಂದು ದಿನ ತಾಲೂಕು ಕಚೇರಿಯಿಂದ ಇನ್ಸ್‌ಪೆಕ್ಟರು ತಪಾಸಣೆಗೆ ಬಂದರು. ಬಂದವರಿಗೆ ನೀರಾದರೂ ಕೊಡಬೇಕಲ್ಲ, ಇವಳು ಪಕ್ಕದ ಮನೆಯವನನ್ನು ಕೂಗಿದಳು: “ಮಗಾ, ಒಂದ್ ಚೆಂಬ್ ನೀರ್ ತಕ್ಕೊಂಡ್ ಬಾ.” ಅವನು ತಂದ. ಇನ್ಸ್‌ಪೆಕ್ಟರು ನೀರು ಕುಡಿದು, ಮಗನಿದ್ದಾನೆ ಎಂದು ಬರೆದುಕೊಂಡು ಹೋದರು. ಮುಂದಿನ ತಿಂಗಳಿಂದ ಮನಿಯಾರ್ಡರ್ ಬರಲಿಲ್ಲ.

ಆಗ ನಾನು ಹೊಸ ವಕೀಲ. ಕಚೇರಿಗೆ ಹೋಗಿ ಗುಮಾಸ್ತನಿಗೆ ಬಾಯಿ ನೋಯುವಷ್ಟು ಹೇಳಿದೆ. ನಮ್ಮಲ್ಲಿ ಚಿಕ್ಕವರನ್ನೆಲ್ಲ ಮಗಾ ಎಂದೇ ಕರೆಯುವುದು, ನೀವು ತಮಿಳಿನಲ್ಲಿ ಕಂಡವರನ್ನೆಲ್ಲ ತಂಬಿ ಎನ್ನುವುದಿಲ್ಲವೇ, ಅವರೆಲ್ಲ ನಿಮ್ಮ ಒಡಹುಟ್ಟಿದ ತಮ್ಮಂದಿರೇ ಎಂದು ಕೇಳಿದೆ. ಅವನು ಎಲೆಯಡಿಕೆ ಜಗಿಯುತ್ತ, “ಅದು ಬೇರೆ, ತಂಬಿ” ಎಂದ.

ಕೇಸು ಹಾಕಿದೆ. ತೇನಿ ಆಗಷ್ಟೇ ಮಧುರೆಯಿಂದ ಬೇರೆಯಾಗಿ ಜಿಲ್ಲೆಯಾಗಿತ್ತು. ಫೈಲು ಮಧುರೆಯಿಂದ ಬಂದಿಲ್ಲವೆಂದು ಇವರು, ಕಳಿಸಿಯಾಯಿತೆಂದು ಅವರು. ಒಮ್ಮೆ ಸರ್ಕಾರಿ ವಕೀಲರಿಲ್ಲ, ಇನ್ನೊಮ್ಮೆ ಜಡ್ಜ್ ಇಲ್ಲ. ಪಕ್ಕದ ಮನೆಯವರು ಕೊಟ್ಟ ಗಂಜಿ ಕುಡಿದು ಮುದುಕಿ ಪ್ರತಿ ವಾಯಿದೆಗೂ ಬಸ್ಸಿನಲ್ಲಿ ಬರುತ್ತಿದ್ದಳು.

ಕಡೆಗೂ ಸಾಕ್ಷಿ ಕಟ್ಟೆ ಹತ್ತಿದಳು. ಸರ್ಕಾರಿ ವಕೀಲರು ಬಹಳ ಮೆತ್ತಗೆ, ನಿಮ್ಮನ್ನು ಇಲ್ಲಿಗೆ ಕರೆತಂದವರು ಯಾರಮ್ಮಾ ಎಂದು ತಮಿಳಿನಲ್ಲಿ ಕೇಳಿದರು. ಅವಳು ನನ್ನತ್ತ ಕೈ ತೋರಿಸಿ, “ನಮ್ ಮಗ ತಾನ್” ಎಂದಳು. ಕೋರ್ಟೆಲ್ಲ ನಕ್ಕಿತು. ಇದ್ದೊಬ್ಬ ಮಗ ಸಾಲದೆಂದು ಈಗ ವಕೀಲ ಮಗನೊಬ್ಬ ಹುಟ್ಟಿಕೊಂಡಿದ್ದ. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಕಾಡಿ ಬೇಡಿ, ಅವಳನ್ನು ಮತ್ತೊಮ್ಮೆ ವಿಚಾರಿಸಲು ಇನ್ನೊಂದು ವಾಯಿದೆ ಪಡೆದೆ.

ಹೊರಗೆ ಬಂದು ರೇಗಿದೆ. “ಅವ್ವಾ, ಕೇಸ್ ಮುಗಿಯೋಗಂಟ ಯಾರ್ನೂ ಮಗಾ ಅನ್ಬ್ಯಾಡ. ನನ್ನೂ ಅಷ್ಟೇ, ಸಾರ್ ಅನ್ನು.”

“ಹೆತ್ತಿದ್ರೆ ಊರೋರ್ನೆಲ್ಲ ಯಾಕ್ ಹಂಗ್ ಕೂಗ್ತಿದ್ದೆ ಮಗಾ?”

“ನೋಡು, ಮತ್ತೆ.”

ಅವಳು ಬಾಯಿ ಮುಚ್ಚಿಕೊಂಡಳು.

ಮುಂದಿನ ಸಲ ಕೇಳಿದ್ದಕ್ಕೆಲ್ಲ “ಇಲ್ಲೈ, ಅಯ್ಯಾ” ಎಂಬುದೊಂದೇ ಉತ್ತರ. ಪಕ್ಕದ ಮನೆಯವನೂ ಬಂದು ತನ್ನ ಹೆತ್ತವರು ಯಾರೆಂದು ಹೇಳಿದ. ತೀರ್ಪು ನಮ್ಮ ಕಡೆಗಾಯಿತು. ನಿಂತುಹೋದ ಪಿಂಚಣಿಯನ್ನೂ ಸೇರಿಸಿ ಕೊಡಬೇಕೆಂದಾಯಿತು. ನನಗೆ ಕುಣಿಯುವಷ್ಟು ಸಂತೋಷ.

ಕೋರ್ಟಿನ ಮೆಟ್ಟಿಲಿಳಿಯುವಾಗ ಕೈ ಕೊಟ್ಟೆ.

“ಬ್ಯಾಡ ಸಾರ್, ನಾನೇ ಇಳೀತೀನಿ.”

“ಕೇಸ್ ಮುಗೀತಲ್ಲವ್ವಾ, ಇನ್ನು ಮಗಾ ಅನ್ನು.”

ಅವಳು ಹಿಂದಿರುಗಿ ಕೋರ್ಟಿನ ಬಾಗಿಲ ಕಡೆ ನೋಡಿದಳು. ಸೆರಗು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಹೇಳಿದಳು:

“ಬ್ಯಾಡ ಸಾರ್. ಯಾರಾನ ಬರ್ಕೊಂಡ್ಬುಟ್ರೆ?”