ಪುಟ್ಟಸ್ವಾಮಿಯ ತಲೆಯೊಳಗಿನ ಮಾತು

ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದೆ. ಮಾತು ಮೆದುಳಿನ ಯಾವ ಮೂಲೆಯಲ್ಲಿ ಹುಟ್ಟುತ್ತದೆ ಎಂದು ಹುಡುಕುವುದೇ ನನ್ನ ಕಸುಬು. ಇಂಥದ್ದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗ ಇದೆ ಎಂದೂ ಹೇಳಲಾರೆ.

ಆರು ವರ್ಷದ ಹಿಂದೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದೆ. ಮದ್ದೂರಿನ ಬಸ್ ಕಂಡಕ್ಟರ್ ಪುಟ್ಟಸ್ವಾಮಿಯವರಿಗೆ ಮೆದುಳಿನಲ್ಲಿ ಗಡ್ಡೆ. ಮಾತಿನ ಜಾಗಕ್ಕೇ ಅಂಟಿಕೊಂಡಿತ್ತು. ಅಂಥವರಿಗೆ ಎಚ್ಚರದಲ್ಲೇ ಆಪರೇಷನ್ ಮಾಡುತ್ತಾರೆ. ತಲೆಬುರುಡೆ ತೆರೆದು, ಡಾಕ್ಟರು ಸಣ್ಣ ಕಡ್ಡಿಯಿಂದ ಮೆದುಳಿಗೆ ಹಗುರವಾಗಿ ಕರೆಂಟು ಮುಟ್ಟಿಸುತ್ತ ಹೋಗುತ್ತಾರೆ. ರೋಗಿ ಮಾತಾಡುತ್ತಲೇ ಇರಬೇಕು. ಮಾತು ಎಲ್ಲಿ ನಿಲ್ಲುತ್ತದೋ ಅಲ್ಲೊಂದು ಚೀಟಿ ಇಡುತ್ತಾರೆ; ಆ ಜಾಗ ಕತ್ತರಿಸುವಂತಿಲ್ಲ. ಮಾತಾಡಿಸುವುದು ನನ್ನ ಕೆಲಸ.

"ನಿಮ್ಮ ರೂಟಿನ ಸ್ಟಾಪುಗಳನ್ನೇ ಕೂಗಿ" ಎಂದೆ.

"ಮಂಡ್ಯ, ಗೆಜ್ಜಲಗೆರೆ, ಮದ್ದೂರು, ಕೆ.ಎಂ. ದೊಡ್ಡಿ, ಮಳವಳ್ಳಿ… ಸಾಕಾ ಮೇಡಮ್ಮೋರೆ, ಇನ್ನೊಂದು ಟ್ರಿಪ್ಪು ಒಡೀಲಾ?" ಎಂದು ನಕ್ಕರು.

ಮೂರು ಕಡೆ ಮಾತು ನಿಂತಿತು, ಮೂರು ಚೀಟಿ ಬಿದ್ದವು. ಮತ್ತೆ ಕಡ್ಡಿ ಮುಟ್ಟಿದಾಗ ಅವರು ನನ್ನನ್ನೇ ನೋಡುತ್ತ, "ಮುತ್ತತ್ತಿಗೆ ಒಂದೇ ಟಿಕೆಟ್ಟು ಸಾಕು ಕಣಪ್ಪ. ಗುಬ್ಬಿಗೆ ಏಳ್ಬುಡು, ಕಾಯ್ಬ್ಯಾಡ ಅನ್ನು" ಎಂದರು.

ನಮ್ಮಪ್ಪ ಮಳವಳ್ಳಿಯಲ್ಲಿ ಟೈಲರ್ ಆಗಿದ್ದ. ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಬೆಳಗ್ಗೆ ದಾರ ತರುತ್ತೇನೆಂದು ಹೋದವನು ಬರಲೇ ಇಲ್ಲ. ಕಾವೇರಿ ದಡದ ಮುತ್ತತ್ತಿಯ ಕಡೆ ಅವನು ಹೋದನೆಂದು ಯಾರೂ ಹೇಳಿರಲಿಲ್ಲ. ಅಲ್ಲಿ ನಾವು ಹುಡುಕಿಸಲೂ ಇಲ್ಲ. ನನ್ನನ್ನು ಗುಬ್ಬಿ ಎಂದು ಕರೆಯುತ್ತಿದ್ದವನು ಅವನೊಬ್ಬನೇ.

"ಏನಂದ್ರು?" ಎಂದು ಡಾಕ್ಟರು ಕೇಳಿದರು. ಯಾರೋ ಪ್ರಯಾಣಿಕರ ನೆನಪಿರಬೇಕು ಎಂದೆ. ಅದೇ ಜಾಗ ಇನ್ನೊಮ್ಮೆ ಮುಟ್ಟಿ ಎನ್ನಲು ಬಾಯಿ ತೆರೆದು ಮುಚ್ಚಿಕೊಂಡೆ. ಅದು ಆ ಮನುಷ್ಯನ ತಲೆ.

ಹೊರಗೆ ಅವರ ಹೆಂಡತಿ ಸಾಕಮ್ಮನನ್ನು ವಿಚಾರಿಸಿದೆ. "ಮದ್ವೆ ಆದ್ಮೇಲೆ ಕೆಲ್ಸಕ್ಕೆ ಸೇರ್ಕಂಡಿದ್ದು ಕಣವ್ವ, ಅನ್ನೆರಡು ವರ್ಸ ಆಯ್ತು. ಮುತ್ತತ್ತಿ ರೂಟ್ಗೆ ಒಂದಿನಾನೂ ಓಗಿಲ್ಲ" ಎಂದಳು. ಅಪ್ಪ ಹೋಗಿ ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು.

ಮೂರನೆಯ ದಿನ ಪುಟ್ಟಸ್ವಾಮಿಯವರ ಮೆದುಳಿನಲ್ಲಿ ರಕ್ತ ಒಸರಿತು. ಜೀವ ಉಳಿಯಿತು, ಮಾತು ಹೋಯಿತು. ತಿಂಗಳುಗಟ್ಟಲೆ ಮದ್ದೂರಿಗೆ ಹೋಗಿ ಮಾತು ಕಲಿಸಲು ನೋಡಿದೆ; ಒಂದೆರಡು ಸದ್ದು ಬಿಟ್ಟರೆ ಏನೂ ಮರಳಲಿಲ್ಲ. ಹೋಗುತ್ತಿದ್ದುದು ಅವರಿಗಾಗಿಯೋ ನನಗಾಗಿಯೋ, ಆ ನಾಚಿಕೆ ಇನ್ನೂ ಹೋಗಿಲ್ಲ.

ಕೊನೆಯ ಸಲ, ಸಾಕಮ್ಮ ಕಾಫಿಗೆಂದು ಒಳಗೆ ಹೋದಾಗ, ಕೇಳಿಯೇಬಿಟ್ಟೆ.

"ನಮ್ಮಪ್ಪನ್ನ ನೋಡಿದ್ರಾ?"

"ಹೂಂ."

ಅರ್ಥವಾಗಿ ಹೇಳಿದರೋ ಎಂದು ನೋಡಲು ಪ್ರಶ್ನೆ ತಿರುಗಿಸಿ, "ನೋಡ್ಲೇ ಇಲ್ವಾ?" ಎಂದೆ.

"ಹೂಂ" ಎಂದರು, ಅಷ್ಟೇ ಅಕ್ಕರೆಯಿಂದ.