ತಲೆಕಟ್ಟು ತಪ್ಪಿದ ಮಂಗಳವಾರ

ನನ್ನ ನಾದಿನಿ ನಲವತ್ತೊಂದನೇ ವಯಸ್ಸಿನಲ್ಲಿ ಆಟದ ಕಾಲೇಜು ಸೇರಿದಳು. ಆಡುವುದಕ್ಕಲ್ಲ, ಆಡಿಸುವುದಕ್ಕೆ. ಕೋರ್ಸಿನ ಪೂರ್ತಿ ಹೆಸರು ಕ್ರೀಡಾ ಮತ್ತು ಮನರಂಜನಾ ನಿರ್ವಹಣೆ. ಕಿವಿ ಸ್ವಲ್ಪ ಮಂದವಾದ ನಮ್ಮ ಅತ್ತೆಗೆ ಅದು ‘ಮನೆ ನಿರ್ವಹಣೆ’ ಎಂದು ಕೇಳಿಸಿ, ಮಗಳಿಗೆ ಕೊನೆಗೂ ಬುದ್ಧಿ ಬಂತೆಂದು ಎರಡು ವಾರ ಹಿಗ್ಗಿನಲ್ಲಿದ್ದರು. ನಿಜ ಗೊತ್ತಾದ ದಿನ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು.

“ಆಟ ಆಡಿಸೋದನ್ನ ಕಾಲೇಜಲ್ಲಿ ಬೇರೆ ಕಲಿಸ್ತಾರಾ? ಹುಟ್ಟಿದಾಗಿಂದ ನನ್ನನ್ನ ಆಟ ಆಡಿಸ್ತಾನೇ ಇದ್ದೀಯಲ್ಲೇ.”

“ಅದಕ್ಕೇ ಅಮ್ಮ, ಎಕ್ಸ್‌ಪೀರಿಯನ್ಸ್ ಇದೆ ಅಂತ ಸೀಟು ಕೊಟ್ರು.”

ಮನೆಯಲ್ಲಿ ಅವಳನ್ನು ಬುಗುರಿ ಎನ್ನುತ್ತೇವೆ. ಅಂಥವಳನ್ನು ಹದಿನಾರು ವರ್ಷ ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂರಿಸಿಟ್ಟಿದ್ದೇ ಒಂದು ಅನ್ಯಾಯ. ಅಂಗಡಿ ಮುಚ್ಚಿದಾಗ ನಾವೆಲ್ಲ ಅಯ್ಯೋ ಪಾಪ ಎಂದೆವು. ಅವಳು ಮೂರನೇ ದಿನ ಪೇಪರಿನ ಒಂದು ತುಂಡು ಕತ್ತರಿಸಿಕೊಂಡು ನನ್ನ ಬರೆಯುವ ಮೇಜಿನ ಮುಂದೆ ನಿಂತಳು.

“ಅತ್ತಿಗೆ, ಎರಡು ವರ್ಷದ ಕೋರ್ಸು. ನಡುವೆ ಮೂರು ಸಲ ಕೆಲಸಕ್ಕೆ ಕಳಿಸ್ತಾರಂತೆ, ಸಂಬಳ ಕೊಟ್ಟು. ಕಲಿಯೋಳಿಗೇ ಅವರು ಕೊಡ್ತಾರೆ ಅಂದ್ರೆ ನಂಬ್ತೀರಾ?”

ನಂಬುವುದು ಕಷ್ಟವಾಯಿತು. ಕಲಿತದ್ದಕ್ಕೆಲ್ಲ ದಂಡ ತೆತ್ತು ಬಂದವಳು ನಾನು. ನಮ್ಮ ಕಾನ್ವೆಂಟಿನ ವರಾಂಡದಲ್ಲಿ ಕನ್ನಡ ಮಾತಾಡಿದರೆ ಸಿಸ್ಟರ್ ದಂಡ ಹಾಕುತ್ತಿದ್ದರು. ಹಾಗಾಗಿ ಕನ್ನಡದ ಅಕ್ಷರಗಳನ್ನು ನಾನು ಮನೆಯಲ್ಲಿ ಕದ್ದು ಕಲಿತೆ. ಕದ್ದ ಮಾಲಲ್ಲವೇ, ಇವತ್ತಿಗೂ ಸ್ವಲ್ಪ ಸೊಟ್ಟ. ಇದನ್ನು ಈಗಲೇ ಒಪ್ಪಿಕೊಳ್ಳುವುದು ವಾಸಿ, ಏಕೆಂದರೆ ಮುಂದಿನದಕ್ಕೆಲ್ಲ ನನ್ನ ಕೈಬರಹವೇ ಕಾರಣ.

ತರಗತಿಯಲ್ಲಿ ಉಳಿದವರೆಲ್ಲ ಹತ್ತೊಂಬತ್ತರವರು. ಮೊದಲ ದಿನ ಅವಳನ್ನು ‘ಆಂಟಿ’ ಎಂದರಂತೆ. “ಆಂಟಿ ಅಂದ್ರೆ ವಿರೋಧಿ ಅಂತ. ನಾನು ನಿಮ್ಮ ಪಾರ್ಟೀನೇ, ಅಕ್ಕ ಅನ್ನಿ” ಎಂದಳಂತೆ ಇವಳು. ಆ ಜೋಕು ನನ್ನದು, ಆದರೆ ಒಳ್ಳೆಯ ಕಡೆ ಖರ್ಚಾಯಿತು. ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಸಂಜೆ ನಮ್ಮ ಮೇಲೆ ಪ್ರಯೋಗಿಸುತ್ತಿದ್ದಳು. ‘ಅಪಾಯದ ಅಂದಾಜು’ ಎಂಬ ಪಾಠವಾದ ದಿನ ಟೇಪು ಹಿಡಿದು ನಮ್ಮ ಬಚ್ಚಲುಮನೆಗೆ ನುಗ್ಗಿ ಏಳು ತಪ್ಪು ಬರೆದುಕೊಂಡು ಬಂದಳು. ಮರುದಿನವೇ ಜಾರದ ಚಾಪೆಯೂ ಗೋಡೆಗೊಂದು ಹಿಡಿಕೆಯೂ ಬಂದವು. ಅತ್ತೆ ಆ ಹಿಡಿಕೆಯನ್ನು ದಿನಾ ಬೈಯುತ್ತಾರೆ, ದಿನಾ ಹಿಡಿಯುತ್ತಾರೆ.

ಮೊದಲ ಸಲ ಕೆಲಸಕ್ಕೆ ಕಳಿಸಿದ್ದು ಒಂದು ಬ್ಯಾಡ್ಮಿಂಟನ್ ಹಾಲಿಗೆ. ಎರಡನೆಯದು ಊರಿನ ಈಜುಕೊಳ. ದಿನಕ್ಕೆ ಮೂರು ಬಾರಿ ಗಾಜಿನ ಕೊಳವೆಯಲ್ಲಿ ನೀರು ತೆಗೆದು ಕ್ಲೋರಿನ್ ನೋಡುವುದು, ಲೇನಿನ ಹಗ್ಗ ಕಟ್ಟುವುದು, ಒಂಟಿ ಕಾಲುಚೀಲಗಳಿಗೆ ವಾರಸುದಾರರನ್ನು ಹುಡುಕುವುದು ಅವಳ ಕೆಲಸ. ಅಲ್ಲಿನ ಮ್ಯಾನೇಜರ್ ಕತ್ತಿನಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಎಲ್ಲರಿಗೂ ಸೀಟಿ ಸರ್.

ಮಂಗಳವಾರ ಬೆಳಗ್ಗೆ ಹತ್ತರಿಂದ ಹನ್ನೊಂದು ಕೊಳ ಖಾಲಿ ಬಿದ್ದಿರುವುದನ್ನು ನಾದಿನಿ ಕಂಡಳು. ಊರಿನ ಹೆಂಗಸರು ಈ ಕಡೆ ಸುಳಿಯದಿರುವುದಕ್ಕೆ ಕಾರಣವನ್ನೂ ಕಂಡಳು: ಮೇಲಿನ ಗ್ಯಾಲರಿಯ ಗಾಜಿನಾಚೆ ಸದಾ ನಾಲ್ಕು ಗಂಡಸರು ಕಾಫಿ ಹಿಡಿದು ಕೂತಿರುತ್ತಿದ್ದರು. ಗಾಜಿಗೆ ಪರದೆ ಹಾಕಿಸಿದಳು. ಮೈತುಂಬ ಮುಚ್ಚುವ ಈಜುಡುಗೆಗಳನ್ನು ಬೀರುವಿನಲ್ಲಿ ತರಿಸಿಟ್ಟಳು. ಕಾವಲಿಗೆ ಹೆಣ್ಣುಮಗಳನ್ನೇ ಹಾಕಿಸಿ, ಆ ಗಂಟೆ ಹೆಂಗಸರಿಗೇ ಇರಲಿ ಎಂದು ಕೇಳಿದಳು. ಅದನ್ನೇ ಕಾಲೇಜಿನ ಪ್ರಾಜೆಕ್ಟಾಗಿಯೂ ಬರೆದುಕೊಟ್ಟಳು.

ಸೀಟಿ ಸರ್ ಒಪ್ಪಿದರು, ಷರತ್ತಿನ ಮೇಲೆ. “ನಾಲ್ಕನೇ ಮಂಗಳವಾರದ ಹೊತ್ತಿಗೆ ಹತ್ತು ಜನ ನೀರಲ್ಲಿರಬೇಕಮ್ಮ. ಮನೆಯವರು ಲೆಕ್ಕಕ್ಕಿಲ್ಲ. ಇಲ್ಲದಿದ್ರೆ ಆ ಗಂಟೆ ಶಾಲೆ ಟೀಮಿಗೆ ಹೋಗುತ್ತೆ. ನಿಮ್ಮ ಫಾರಂಗೆ ನಾನು ಸಹಿ ಹಾಕಲ್ಲ.”

ಸಹಿ ಇಲ್ಲದಿದ್ದರೆ ಇಡೀ ವರ್ಷ ಮತ್ತೆ ಮೊದಲಿನಿಂದ. ನಲವತ್ತೊಂದರಲ್ಲಿ ಒಂದು ವರ್ಷ ಎಂದರೆ ಹತ್ತೊಂಬತ್ತರ ಒಂದು ವರ್ಷವಲ್ಲ.

ಮೊದಲ ಮಂಗಳವಾರ ಒಬ್ಬರು ಬಂದರು, ದಾರಿ ತಪ್ಪಿ. ಎರಡನೆಯದಕ್ಕೆ ಯಾರೂ ಇಲ್ಲ. ಮೂರನೆಯದಕ್ಕೆ ಇಬ್ಬರು. ಲೆಕ್ಕಕ್ಕಿಲ್ಲದ ನಾನು ಪ್ರತಿ ಸಲವೂ ದಂಡೆಯ ಬೆಂಚಿನ ಮೇಲೆ ಪಾದ ಒದ್ದೆಯಾಗದಂತೆ ಕೂತಿದ್ದೆ. ನನಗೆ ನೀರೆಂದರೆ ಚಿಕ್ಕಂದಿನಿಂದ ಎದೆ ನಡುಕ.

“ಯಾರಿಗೂ ಗೊತ್ತೇ ಇಲ್ಲ ಅತ್ತಿಗೆ. ಒಂದು ಪೋಸ್ಟರ್ ಬರೆದುಕೊಡಿ” ಎಂದಳು.

ಬರೆದುಕೊಟ್ಟೆ. ‘ಮಹಿಳೆಯರಿಗೆ ಮಾತ್ರ. ಮಂಗಳವಾರ ಬೆಳಗ್ಗೆ ಹತ್ತಕ್ಕೆ. ಮೊದಲ ದಿನ ಉಚಿತ. ಈಜುಕೊಳದ ಕಟ್ಟಡ.’ ಬರೆಯುವ ಉಮೇದಿನಲ್ಲಿ ‘ಮಾತ್ರ’ದ ಕೊನೆಯ ತಲೆಕಟ್ಟಿಗೆ ಚಂದದ್ದೊಂದು ಬಾಲ ಎಳೆದೆ. ಪ್ರಿಂಟಿಂಗ್ ಅಂಗಡಿಯವನ ಕಣ್ಣಿಗೆ ಆ ತಲೆಕಟ್ಟು ತಲೆಕೆಟ್ಟು ಎತ್ವವಾಗಿ ಕಂಡಿತು. ಅವಸರದಲ್ಲಿ ಯಾರೂ ತಿರುಗಿ ಓದಲಿಲ್ಲ. ದಿನಸಿ ಅಂಗಡಿ, ಬಸ್ ನಿಲ್ದಾಣ, ಎಲ್ಲಕ್ಕಿಂತ ಹೆಚ್ಚಾಗಿ ಡಾಕ್ಟರ ಶಾಪಿನ ಗೋಡೆ, ಎಲ್ಲ ಕಡೆ ಅಂಟಿತು: ‘ಮಹಿಳೆಯರಿಗೆ ಮಾತ್ರೆ.’

ನಾಲ್ಕನೇ ಮಂಗಳವಾರ ನಾವು ಹೋಗುವಷ್ಟರಲ್ಲಿ ಕೊಳದ ಮುಂಗೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂವತ್ತಕ್ಕೂ ಹೆಚ್ಚು ಹೆಂಗಸರು. ಕೈಯಲ್ಲಿ ಬಿಪಿ ಚೀಟಿ, ಸಕ್ಕರೆ ಕಾಯಿಲೆಯ ಚೀಟಿ. ಒಬ್ಬಾಕೆಯ ಕಂಕುಳಲ್ಲಿ ಎಕ್ಸ್‌ರೇ ಕವರು. ನಾದಿನಿಯ ಮುಖ ಅರಳಿತು. ಆಮೇಲೆ ಒಬ್ಬರು “ಗ್ಯಾಸಿಗೂ ಕೊಡ್ತೀರಾ?” ಎಂದು ಕೇಳಿದರು, ಬಾಡಿತು.

ಸೀಟಿ ಸರ್ ಹೊರಗೆ ಬಂದರು. “ಏನಮ್ಮ ಇದು? ಈಜುಕೊಳನೋ ಔಷಧಿ ಅಂಗಡಿನೋ?”

ಬಾಗಿಲಿನ ಪೋಸ್ಟರನ್ನು ನಾದಿನಿ ಓದಿದಳು. ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟಕ್ಕೆ ಯಾವ ಔಷಧವೂ ಇಲ್ಲ. ಆಮೇಲೆ ಕುರ್ಚಿ ಎಳೆದು ಅದರ ಮೇಲೆ ಹತ್ತಿ ನಿಂತಳು.

“ಅಕ್ಕಂದಿರಾ, ತಪ್ಪು ನಮ್ಮದು. ‘ಮಾತ್ರ’ ಅಂತ ಇರಬೇಕಿತ್ತು, ‘ಮಾತ್ರೆ’ ಆಗಿದೆ. ಇಲ್ಲಿ ಮಾತ್ರೆ ಇಲ್ಲ, ಬರೀ ನೀರಿದೆ.”

“ಒಂದಕ್ಷರಕ್ಕೋಸ್ಕರ ಎರಡು ಬಸ್ ಹತ್ತಿ ಬಂದೆನಲ್ಲಮ್ಮ” ಎಂದಳು ಎಕ್ಸ್‌ರೇ ಹೆಂಗಸು.

“ಮೊಣಕಾಲಾ ಅಕ್ಕ? ಎದೆಮಟ್ಟ ನೀರಲ್ಲಿ ನಿಂತ್ರೆ ಮೈಭಾರ ಕಾಲಿಗೆ ಅಷ್ಟು ಗೊತ್ತಾಗಲ್ಲ. ಒಳಗೆ ಗಂಡಸರಿಲ್ಲ, ಬಟ್ಟೆ ನಾವೇ ಕೊಡ್ತೀವಿ. ಎರಡು ಬಸ್ ಹತ್ತಿದ್ದೀರಿ, ನಾಲ್ಕು ಮೆಟ್ಟಿಲು ಇಳಿದು ನೋಡಿ. ಹಿಡಿಸದಿದ್ರೆ ನನ್ನ ಬೈದು ಹೋಗಿ.”

ಅರ್ಧಕ್ಕರ್ಧ ಜನ ಅಲ್ಲೇ ಬೈದು ಹೋದರು. ಕೆಲವರು ಒಳಗೆ ಬಂದು ನೀರು ನೋಡಿ ಹೋದರು. ಗಡಿಯಾರ ಹತ್ತೂಕಾಲು ತೋರಿಸುವಾಗ ಆರೋಗ್ಯದ ಫಾರಂ ತುಂಬಲು ಸಾಲಿನಲ್ಲಿ ಉಳಿದವರು ಸರಿಯಾಗಿ ಹತ್ತು. ನಾನು ಬೆಂಚಿನಿಂದ ಬೆರಳು ಮಡಿಸಿ ಎರಡು ಸಲ ಎಣಿಸಿದೆ.

ಹತ್ತನೆಯವರು ನಿವೃತ್ತ ಟೀಚರ್. “ನಾನು ಮಾತ್ರೆಗೆ ಬಂದವಳಲ್ಲಮ್ಮ, ಕಾಗುಣಿತ ತಿದ್ದೋಕೆ ಬಂದೆ” ಎಂದು ಚೀಲದಿಂದ ಕೆಂಪು ಪೆನ್ನು ತೆಗೆದು ಅದರಲ್ಲೇ ಫಾರಂ ತುಂಬಿದರು. “ಬಂದದ್ದಾಯ್ತು, ಇಳಿದೇ ಬಿಡ್ತೀನಿ.”

ನಾದಿನಿ ಫಾರಂ ಓದಿದಳು. ಮೂರು ತಿಂಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡದ್ದನ್ನು ಟೀಚರ್ ಪ್ರಾಮಾಣಿಕವಾಗಿ ಬರೆದಿದ್ದರು. ನಾದಿನಿ ಒಂದು ಕ್ಷಣ ಪೆನ್ನಿನ ತುದಿ ಕಚ್ಚಿದಳು. ಅವಳ ತಲೆಯೊಳಗೆ ಏನು ತಿರುಗುತ್ತಿದೆಯೆಂದು ನನಗೆ ಗೊತ್ತಿತ್ತು. ಸೀಟಿ ಸರ್ ಹೊರಬಾಗಿಲಲ್ಲೇ ನಿಂತಿದ್ದರು.

“ಟೀಚರ್, ಇವತ್ತು ಬೇಡ. ನಿಮ್ಮ ಡಾಕ್ಟರ್ ಹತ್ರ ಒಂದು ಮಾತು ಕೇಳಿ, ಬರೆಸ್ಕೊಂಡು ಬನ್ನಿ.”

“ಬರೀ ಕಾಲು ಇಳಿಬಿಡ್ತೀನಿ ಕಣಮ್ಮ.”

“ಬೇಡ ಟೀಚರ್. ನನಗೆ ನೀವು ಬರೋದು ಬೇಕು, ಇವತ್ತಲ್ಲ.”

ಒಂಬತ್ತು ಜನ ನೀರಿಗಿಳಿದರು. ಎಕ್ಸ್‌ರೇ ಹೆಂಗಸು ಎದೆಮಟ್ಟ ನೀರಲ್ಲಿ ಕಣ್ಣುಮುಚ್ಚಿ ನಿಂತು, “ಈ ಕಾಲು ನಂದೇನಾ?” ಎಂದು ಪಕ್ಕದವಳನ್ನು ಕೇಳಿದಳು. ನನಗೆ ನಗಲೂ ಆಗಲಿಲ್ಲ.

ಹನ್ನೊಂದಕ್ಕೆ ಸೀಟಿ ಸರ್ ಕೇಳಿದರು, “ಎಷ್ಟಾಯ್ತಮ್ಮ?”

“ಒಂಬತ್ತು ಸರ್.”

“ಹತ್ತು ಅಂದಿದ್ದೆ.”

“ಹೌದು ಸರ್.”

ಅವರು ಆಫೀಸಿಗೆ ಹೋದರು. ಮೂರು ದಿನ ನಮ್ಮ ಮನೆಯಲ್ಲಿ ಬುಗುರಿ ತಿರುಗಲಿಲ್ಲ. ನಾನು ಕ್ಷಮೆ ಕೇಳಲು ಹೋದರೆ, “ಬಿಡಿ ಅತ್ತಿಗೆ, ನಿಮ್ಮ ಬಾಲದಿಂದಲೇ ಒಂಬತ್ತಾದರೂ ಆಯ್ತು” ಎಂದಳು. ಅತ್ತೆ ಕೇಳಿಸಿಕೊಂಡಷ್ಟರಲ್ಲೇ ಅರ್ಥ ಮಾಡಿಕೊಂಡು, “ಹೃದಯ ಸರಿ ಇಲ್ಲದೋರನ್ನ ನೀರಿಗೆ ದಬ್ಬಿ ಪಾಸಾಗೋದಕ್ಕಿಂತ ನೀನು ಫೇಲಾಗಿ ಮನೇಲಿರು ಕಣೇ” ಎಂದರು. ಮಗಳ ಓದನ್ನು ಅವರು ಒಪ್ಪಿಕೊಂಡ ಮೊದಲ ಮಾತು ಅದು.

ಶುಕ್ರವಾರ ಕಾಲೇಜಿನ ಮೇಡಂ ಫೋನ್ ಮಾಡಿ ವರದಿ ಓದಿದರು. ಸೀಟಿ ಸರ್ ಸಹಿ ಹಾಕಿದ್ದರು, ಮಂಗಳವಾರದ ಗಂಟೆಯನ್ನೂ ಹೆಂಗಸರಿಗೇ ಬಿಟ್ಟಿದ್ದರು. ಮೇಲೆ ಎರಡೇ ಸಾಲು: ‘ಹತ್ತನೆಯವರನ್ನು ವಾಪಸು ಕಳಿಸಿದರು. ಇಂಥವರ ಕೈಗೆ ಕೊಳದ ಬೀಗದ ಕೈ ಕೊಡಬಹುದು.’ ನಾದಿನಿ ಫೋನಿಟ್ಟು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಕ್ಲೋರಿನ್ ಎಂದಳು.

ಮುಂದಿನ ಮಂಗಳವಾರ ಟೀಚರ್ ಬಂದರು. ಡಾಕ್ಟರ ಪತ್ರವನ್ನು ಒದ್ದೆಯಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪಿನ್ನು ಹೊಡೆದಿದ್ದರು. ಆಳವಿಲ್ಲದ ಕಡೆ ನಿಧಾನ ನಡೆಯಬಹುದು ಎಂದಿತ್ತು. ಮೆಟ್ಟಿಲ ಬಳಿ ನಿಂತು ಅವರು ನನ್ನನ್ನು ನೋಡಿ, “ನಿಮ್ಮದೇನು ಕಾಯಿಲೆ?” ಎಂದರು.

“ಭಯ.”

“ಅದಕ್ಕೆ ಡಾಕ್ಟರ್ ಚೀಟಿ ಬೇಡ. ಬನ್ನಿ.”

ಒಂದು ಕೈ ಟೀಚರ್ ಹಿಡಿದರು, ಇನ್ನೊಂದು ನಾದಿನಿ. ಐವತ್ತಮೂರು ವರ್ಷದ ನಾನು ನಾಲ್ಕು ಮೆಟ್ಟಿಲು ಇಳಿದೆ. ನೀರು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಬಂತು. “ಉಸಿರು ಬಿಡಿ ಅತ್ತಿಗೆ, ನಾನಿದ್ದೀನಿ” ಎಂದಳು ನಾದಿನಿ. ಅಲ್ಲಿಯೇ ಅವಳಿಗೆ ಥ್ಯಾಂಕ್ಸ್ ಹೇಳೋಣವೆಂದು ಬಾಯಿ ತೆರೆದೆ, ಯಾರೋ ಚಿಮ್ಮಿಸಿದ ನೀರು ಹೊಕ್ಕಿತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.