ಅತ್ತಿಗೆ ಮುಚ್ಚಿದ ಕಿಟಕಿ

ಇಷ್ಟು ದೊಡ್ಡ ಊರಿನಲ್ಲಿ ತಾಜಾ ಕಾಫಿ ಬೀಜ ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳುವವರಿಗೆ ಬರವಿಲ್ಲ. ನಾನು ಹೊಲಿಗೆಯವಳು. ನನ್ನ ಅಂಗಡಿ ಇರುವುದು ಬೀದಿಯ ಮೂಲೆಯಲ್ಲಿ, ದಾರಿ ತಪ್ಪಿದವರೆಲ್ಲ ಮೊದಲು ನನ್ನ ಮೆಷಿನ್ನಿನ ಮುಂದೆಯೇ ಬಂದು ನಿಲ್ಲುತ್ತಾರೆ. ಎದುರು ಸಾಲಿನ ಗಾಜಿನ ಬಾಗಿಲು, ಹೊಳೆಯುವ ಡಬ್ಬಗಳನ್ನು ನೋಡಿ ಬಾಯಿ ಬಿಡಬೇಡಿ, ನನ್ನ ಪಕ್ಕದಲ್ಲೇ ಬಣ್ಣ ಹೋದ ಬಾಗಿಲಿನ ಕೋಣೆಯಿದೆ, ಅಲ್ಲಿ ಹೋಗಿ 'ಅತ್ತಿಗೆ' ಎಂದು ಕೂಗಿ, ಎನ್ನುತ್ತೇನೆ. ಪಕ್ಷಪಾತ ಎಂದರೆ ಹೌದು, ಪಕ್ಷಪಾತವೇ.

ಅತ್ತಿಗೆ ನನಗೇನೂ ಸಂಬಂಧಿಕಳಲ್ಲ. ಎದುರಿನ ಅಂಗಡಿಯನ್ನು ಅವಳ ಗಂಡ ನಡೆಸುತ್ತಿದ್ದಾಗ ಅವನ ತಮ್ಮ ಹಗಲೆಲ್ಲ "ಅತ್ತಿಗೆ, ಪೊಟ್ಟಣ ಕೊಡಿ, ಅತ್ತಿಗೆ, ದಾರ ಎಲ್ಲಿ" ಎಂದು ಕೂಗುತ್ತಿದ್ದ. ಅದನ್ನು ಕೇಳಿ ಕೇಳಿ ಬೀದಿಗೆಲ್ಲ ಅವಳು ಅತ್ತಿಗೆಯಾದಳು. ಅವಳಿಗಿಂತ ಎಷ್ಟೋ ದೊಡ್ಡವನಾದ ಬೀಗ ರಿಪೇರಿಯವನೂ ಹಾಗೆಯೇ ಕರೆಯುತ್ತಾನೆ. ಬಾಯಿತುಂಬ ಹಾಗೆ ಕರೆಯುತ್ತಿದ್ದ ಆ ಮೈದುನನೇ ಅವಳ ಹೊಟ್ಟೆಗೆ ಬೆಂಕಿ ಹಾಕಿದವನು.

ಗಂಡ ಬೀಜ ಹುರಿಯುವುದರಲ್ಲಿ ಹೆಸರುವಾಸಿ. ಹೆಸರು ಅವನದು, ಕೈ ಮಾತ್ರ ಇವಳದು. ಮದುವೆಯಾದ ಹೊಸತರಲ್ಲೇ ಒಂದು ಜ್ವರ ಬಂದು ಅವನ ಮೂಗು ಕೆಲಸ ಬಿಟ್ಟಿತ್ತು. ಹೂವಿಗೂ ಹೊಗೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕಾಫಿ ಬೀಜ ಹುರಿಯುವವನಿಗೆ ಮೂಗೇ ಇಲ್ಲವೆಂದು ಹೊರಗೆ ಗೊತ್ತಾದರೆ ಅಂಗಡಿ ಮುಚ್ಚಿಕೊಂಡು ಹೋಗಬೇಕಷ್ಟೆ. ಅದಕ್ಕೇ ಹುರಿಯುವ ಯಂತ್ರವನ್ನು ಪರದೆಯ ಹಿಂದಕ್ಕೆ ಸರಿಸಿದರು. ಹಿಂದೆ ಅವಳು ಹುರಿಯುತ್ತಿದ್ದಳು, ಮುಂದೆ ಅವನು ಬೀಜವನ್ನು ಅಂಗೈಯಲ್ಲಿ ಹಿಡಿದು ಮೂಸಿ ತಲೆದೂಗುತ್ತಿದ್ದ. ಹಸಿ ವಾಸನೆ ಹೋಗಿ ಸುಟ್ಟ ಸಕ್ಕರೆಯ ವಾಸನೆ ಏಳುವ ಗಳಿಗೆ, ಬೀಜ ಚಟಪಟ ಸಿಡಿಯುವಾಗ ಬೆಂಕಿ ಎಷ್ಟು ತಗ್ಗಿಸಬೇಕು, ಯಾವಾಗ ತಟ್ಟೆಗೆ ಸುರಿಯಬೇಕು, ಎಲ್ಲ ಅವಳದೇ ತೀರ್ಮಾನ. ಗಂಡನ ಮಾನ ಉಳಿಯಲಿ ಎಂದು ಅವಳು ತುಟಿ ಎರಡು ಮಾಡಲಿಲ್ಲ. ನಾನಾಗಿದ್ದರೆ ಮೈಕು ಹಿಡಿದು ಸಾರುತ್ತಿದ್ದೆ. ಈ ಗುಟ್ಟು ಗೊತ್ತಿದ್ದವನು ಮೈದುನ ಒಬ್ಬನೇ.

ಗಂಡ ತೀರಿಕೊಂಡಾಗ ಬೀದಿಯವರೆಲ್ಲ ಅವರ ಮನೆಗೆ ಹೋಗಿದ್ದೆವು. ಯಾರೋ ಹಳೆಯ ಗಿರಾಕಿ ನಿಟ್ಟುಸಿರು ಬಿಟ್ಟು, "ಇನ್ನು ಆ ಥರ ಯಾರು ಹುರೀತಾರೆ?" ಎಂದರು. ಅತ್ತಿಗೆ ನೀರಿನ ಲೋಟಗಳ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು.

"ಯಾಕೆ, ನಾನಿಲ್ವಾ?" ಎಂದ ಮೈದುನ. "ಅಣ್ಣ ನನಗೆಲ್ಲ ಹೇಳಿಕೊಟ್ಟಿದ್ದಾನೆ. ಪಾಪ, ಅತ್ತಿಗೆ ಬರೀ ಪೊಟ್ಟಣ ಕಟ್ಟೋರು. ಅವರಿಗೇನು ಗೊತ್ತು?"

ಅತ್ತಿಗೆ ಎಲ್ಲರಿಗೂ ನೀರು ಕೊಟ್ಟು ತಟ್ಟೆ ಒಳಗಿಟ್ಟಳು. ಮುಂದಿನ ವಾರ ಅಂಗಡಿಯ ಬೀಗ ಬದಲಾಗಿತ್ತು. ಬಾಡಿಗೆ ಕರಾರು ಮೈದುನನ ಹೆಸರಿನಲ್ಲಿತ್ತು, ಯಾರನ್ನು ಕೇಳುವುದು? ಅವಳು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ನಡೆದದ್ದನ್ನೆಲ್ಲ ಆವತ್ತೇ ನನಗೆ ಹೇಳಿದ್ದು. ಅಳಲಿಲ್ಲ. ಅತ್ತಿದ್ದರೆ ನನಗಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಅಂಗಡಿ ಹಾಳಾಗಿ ಹೋಗ್ಲಿ. ಹುರೀತಿದ್ದೋಳು ನಾನು ಅಂತ ಅವನ ಬಾಯಿಂದ್ಲೇ ಹೇಳಿಸ್ತೀನಿ. ನಾಲ್ಕು ಜನರ ಮುಂದೆ. ಅಲ್ಲೀವರೆಗೆ ನನಗೆ ನಿದ್ದೆ ಬರಲ್ಲ."

ನನ್ನ ಪಕ್ಕದ ಕೋಣೆ ಖಾಲಿಯಿತ್ತು. ಮೊದಲು ಕೊಡೆ ರಿಪೇರಿಯವನು ಇದ್ದ ಜಾಗ. ಬಳೆಗಳನ್ನು ಮಾರಿ ಅದನ್ನು ಹಿಡಿದಳು. ಕೈಯಿಂದ ತಿರುಗಿಸುವ ಒಂದು ಹಳೆಯ ಡ್ರಮ್ಮು ತಂದು ಕಿಟಕಿಯ ಪಕ್ಕದಲ್ಲಿಟ್ಟು ಹುರಿಯಲು ಶುರುಮಾಡಿದಳು. ಬೀದಿಯೆಲ್ಲ ಘಮ್ಮೆಂದಿತು. ಇನ್ನು ಮೈದುನನ ಕಥೆ ಮುಗಿಯಿತು ಎಂದು ನಾನು ಒಳಗೊಳಗೇ ಕುಣಿದೆ.

ಆದದ್ದೇ ಬೇರೆ. ನಮ್ಮ ಬೀದಿಯಲ್ಲಿ ಮಧ್ಯಾಹ್ನದ ಗಾಳಿ ನಮ್ಮ ಸಾಲಿನಿಂದ ಎದುರು ಸಾಲಿಗೆ ಬೀಸುತ್ತದೆ. ಅವಳು ಹುರಿದ ಘಮವೆಲ್ಲ ನೆಟ್ಟಗೆ ಅವನ ಅಂಗಡಿಗೆ ನುಗ್ಗುತ್ತಿತ್ತು. ದಾರಿಯಲ್ಲಿ ಹೋಗುವವರು ಮೂಗರಳಿಸಿ ನಿಂತು, ಸುತ್ತ ನೋಡಿ, ಗಾಜಿನ ಬಾಗಿಲು ಕಂಡು ಅಲ್ಲಿಗೇ ಹೋಗುತ್ತಿದ್ದರು. ಇವಳ ಬಣ್ಣಗೆಟ್ಟ ಬಾಗಿಲನ್ನು ಕೇಳುವವರೇ ಇಲ್ಲ. ಅವನು ಬಾಗಿಲಲ್ಲಿ ನಿಂತು, ನನಗೆ ಕೇಳಲೆಂದೇ, "ನಮ್ಮತ್ತಿಗೆ ನನಗೆ ಪುಕ್ಕಟೆ ಜಾಹೀರಾತು ಕೊಡ್ತಿದ್ದಾರೆ" ಎಂದು ಹಲ್ಲು ಕಿರಿಯುತ್ತಿದ್ದ. ನನ್ನ ಕೈಯಲ್ಲಿ ಕತ್ತರಿಯಿತ್ತು. ಪುಣ್ಯಕ್ಕೆ ನಡುವೆ ರಸ್ತೆಯೂ ಇತ್ತು.

ಅವನು ಹುರಿದ ಬೀಜ ಒಂದು ಸಲ ಇದ್ದಿಲು, ಇನ್ನೊಂದು ಸಲ ಹಸಿ. ಆದರೇನು, ಘಮ ಎದುರಿನಿಂದ ಬರುತ್ತದಲ್ಲ! ಕೆಲವು ತಿಂಗಳಿಗೆ ಅವನು ಹುರಿಯುವುದನ್ನೇ ಬಿಟ್ಟ. ಎಲ್ಲೋ ಗೋದಾಮಿನಲ್ಲಿ ಹುರಿದು ಎಷ್ಟೋ ಕಾಲವಾದ ಅಗ್ಗದ ಬೀಜವನ್ನು ಮೂಟೆಯಲ್ಲಿ ತರಿಸಿ ಹೊಳೆಯುವ ಡಬ್ಬಗಳಿಗೆ ತುಂಬಿದ. ಜನ ಮನೆಗೆ ಹೋಗಿ ಕುಡಿದು ಮುಖ ಸಿಂಡರಿಸಿದರೂ ನೀರು ಸರಿಯಿಲ್ಲ, ಪಾತ್ರೆ ಸರಿಯಿಲ್ಲ ಎಂದುಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಅಷ್ಟು ಘಮಘಮ ಎನ್ನುತ್ತಿತ್ತಲ್ಲ, ಬೀಜವನ್ನು ಹೇಗೆ ದೂರುವುದು?

ಒಂದು ಬೆಳಿಗ್ಗೆ ಅವನ ಹುರಿಯುವ ಯಂತ್ರವನ್ನು ನಾಲ್ಕಾಳು ಹೊತ್ತು ಗಾಡಿಗೆ ಹಾಕುತ್ತಿದ್ದರು. ಮಾರಿಬಿಟ್ಟಿದ್ದ. ಅಷ್ಟು ವರ್ಷ ಅವಳು ಪರದೆಯ ಹಿಂದೆ ನಿಂತು ಬೆವರು ಸುರಿಸಿದ ಯಂತ್ರ. ಅತ್ತಿಗೆಯ ಎದೆ ಒಡೆಯುತ್ತದೆ ಎಂದು ನಾನು ಓಡಿ ಬಂದರೆ, ಅವಳು ಕಿಟಕಿಯಲ್ಲಿ ನಿಂತು ಗಾಡಿ ತಿರುವು ದಾಟುವವರೆಗೂ ನೋಡಿದಳು.

"ಮಾರಿದ್ನಾ? ಒಳ್ಳೇದಾಯ್ತು," ಎಂದಳು.

ಆ ಸಂಜೆಯೇ ಒಂದು ದೊಡ್ಡ ಫ್ಯಾನು ತಂದು, ಬೀದಿಗೆ ಮುಖ ಮಾಡಿ, ಡ್ರಮ್ಮಿನ ಹಿಂದೆ ಇಟ್ಟಳು. ಇನ್ನಷ್ಟು ಘಮ ಅವನ ಅಂಗಡಿಗೆ! ನನಗೆ ರೇಗಿಹೋಯಿತು.

"ಅತ್ತಿಗೆ, ನಿನಗೇನು ತಲೆ ಕೆಟ್ಟಿದೆಯಾ? ಅವನಿಗೆ ದುಡಿದು ಹಾಕ್ತಿದ್ದೀಯಲ್ಲ!"

"ಚೆನ್ನಾಗಿ ಅಭ್ಯಾಸ ಆಗ್ಲಿ ಬಿಡು," ಎಂದಳು.

ಅಭ್ಯಾಸವಾಯಿತು. ಅವನು ಉಬ್ಬಿದ. ಪಕ್ಕದ ಮಳಿಗೆಯನ್ನೂ ಸೇರಿಸಿಕೊಂಡ, ಬಾಗಿಲ ಮೇಲೆ 'ಇಲ್ಲೇ ಹುರಿದ ಬೀಜ' ಎಂದು ದಪ್ಪಕ್ಷರದಲ್ಲಿ ಬರೆಸಿದ. ಇತ್ತ ಅತ್ತಿಗೆ ಸದ್ದಿಲ್ಲದೆ ತನ್ನ ಗಿರಾಕಿಗಳನ್ನು ಕೂಡಿಸಿಕೊಳ್ಳುತ್ತಿದ್ದಳು. ನನ್ನ ಹತ್ತಿರ ಬಟ್ಟೆ ಹೊಲಿಸಲು ಬಂದವರಿಗೆಲ್ಲ ಅವಳ ಕಾಫಿ ಕುಡಿಸಿದೆ. ಕುಡಿದವರು ಇನ್ನೊಬ್ಬರನ್ನು ಕರೆತಂದರು. "ನನ್ನೋರು ಮೂಗು ನಂಬಿ ಬಂದೋರಲ್ಲ, ನಾಲಿಗೆ ನಂಬಿ ಬಂದೋರು. ಎಲ್ಲೂ ಹೋಗಲ್ಲ," ಎಂದಳು ಒಂದು ದಿನ. ಹಾಗೆಂದ ಮಾರನೆಯ ದಿನವೇ ತಗಡು ಕೆಲಸದವನನ್ನು ಕರೆಸಿದಳು.

ಅವನು ಡ್ರಮ್ಮಿನ ನೆತ್ತಿಗೆ ಒಂದು ಹೊಗೆ ಕೊಳವೆ ಕೂರಿಸಿದ. ಕೊಳವೆ ಹಿಂದಿನ ಗೋಡೆ ತೂರಿ, ಮಾಳಿಗೆ ದಾಟಿ, ಘಮ ಬೀದಿಗಿಳಿಯದಷ್ಟು ಎತ್ತರದಲ್ಲಿ ಬಾಯಿ ತೆರೆಯಿತು. ಅತ್ತಿಗೆ ಫ್ಯಾನು ಆರಿಸಿದಳು. ಕಿಟಕಿ ಮುಚ್ಚಿ ಚಿಲಕ ಹಾಕಿದಳು. ಹಾಕಿ, ಕೈ ಒರೆಸಿಕೊಂಡು, ನನ್ನ ಕಡೆ ನೋಡಿ ಮೊದಲ ಸಲ ನಕ್ಕಳು. ನನಗೆ ಆಗ ಹೊಳೆಯಿತು ನೋಡಿ!

ಎರಡು ದಿನದಲ್ಲಿ ಎದುರಿನ ಅಂಗಡಿಯ ನಿಜವಾದ ವಾಸನೆ ಹೊರಗೆ ಬಂತು. ಗೋಣಿಚೀಲದ ಮುಗ್ಗಲು, ಹಳೆಯ ಎಣ್ಣೆಯ ಕಮಟು. ಗಿರಾಕಿಗಳು ಡಬ್ಬದ ಮುಚ್ಚಳ ತೆಗೆದು ಮೂಸುವುದು, ಮುಖ ಕಿವುಚಿ ಮುಚ್ಚುವುದು, ಎಲ್ಲ ನನ್ನ ಮೆಷಿನ್ನಿನಿಂದ ಕಾಣುತ್ತಿತ್ತು. ಆ ವಾರ ನಾನು ಹೊಲಿದ ತೋಳುಗಳೆಲ್ಲ ಸೊಟ್ಟ. ಮೈದುನ ಮೂಟೆ ಬದಲಾಯಿಸಿದ, ನೆಲ ತೊಳೆಸಿದ. ಕೊನೆಗೆ ಅಂಗಡಿಯೊಳಗೇ ಒಲೆ ಹಚ್ಚಿ ಬಾಣಲೆಯಲ್ಲಿ ಹಳೆಯ ಬೀಜವನ್ನೇ ಮತ್ತೆ ಹುರಿದ. ದಟ್ಟ ಹೊಗೆ ಎದ್ದು ಗಿರಾಕಿಗಳು ಕೆಮ್ಮುತ್ತ ಬೀದಿಗೆ ಓಡಿದರು. ನಾನು ನಕ್ಕಿದ್ದು ಅವನಿಗೆ ಕೇಳಿಸಿತು. ಕೇಳಲೆಂದೇ ನಕ್ಕಿದ್ದು.

ಕೊನೆಗೆ ಅವನು ರಸ್ತೆ ದಾಟಿ ಬಂದ. ಮಧ್ಯಾಹ್ನ, ಅತ್ತಿಗೆಯ ಕೋಣೆಯ ಮುಂದೆ ಜನ ಸಾಲಾಗಿ ನಿಂತಿದ್ದರು. ಸಾಲಿನ ಕೊನೆಯಲ್ಲಿ ನಾನಿದ್ದೆ.

"ಅತ್ತಿಗೆ, ಒಂದ್ನಿಮಿಷ ಒಳಗೆ ಮಾತಾಡೋಣ."

"ಇಲ್ಲೇ ಹೇಳು," ಎಂದಳು ತಕ್ಕಡಿಯಿಂದ ಕಣ್ಣೆತ್ತದೆ.

"ಆ ಕೊಳವೆ ತೆಗೆಸಿ. ಮೊದಲಿನ ಹಾಗೆ ಕಿಟಕಿ ತೆಗೆದಿಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಅಂಗಡಿ ಮುಳುಗೋಗ್ತಿದೆ."

"ನಾನು ಕಿಟಕಿ ತೆಗೆದ್ರೆ ನಿನಗೇನು ಬರುತ್ತೆ? ನಾನು ಬರೀ ಪೊಟ್ಟಣ ಕಟ್ಟೋಳು. ಪಾಪ, ನನಗೇನು ಗೊತ್ತು?"

ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಸಾವಿನ ಮನೆಯಲ್ಲಿ ನಿಟ್ಟುಸಿರು ಬಿಟ್ಟಿದ್ದ ಆ ಹಳೆಯ ಗಿರಾಕಿಯೂ ಅಲ್ಲಿದ್ದರು. ಮೈದುನ ನೆಲ ನೋಡಿದ. ಮುಖ ಕಪ್ಪಿಟ್ಟಿತ್ತು.

"ಹುರೀತಿದ್ದೋರು ನೀವು," ಎಂದ.

"ಹಿಂದಿನೋರಿಗೆ ಕೇಳಿಸ್ಲಿಲ್ಲ."

"ಅಣ್ಣನಿಗೆ ಮೂಗಿರ್ಲಿಲ್ಲ! ಮೊದಲಿಂದ್ಲೂ ಹುರೀತಿದ್ದೋರು ನೀವೇ! ನಂಗೊತ್ತಿತ್ತು. ಸಾಕಾ?"

ಅತ್ತಿಗೆ ಗಂಡನ ಮಾತು ಬಂದಾಗ ಒಂದು ಗಳಿಗೆ ಕಣ್ಣು ಮುಚ್ಚಿದಳು. ಅಷ್ಟು ವರ್ಷ ಅವಳೇ ಕಾದ ಗುಟ್ಟು ಅದು. ಗಂಡನ ಮಾನವೂ ಹೋಯಿತು, ಅವಳಿಗದು ಗೊತ್ತಿತ್ತು, ನೋವೂ ಆಗಿತ್ತು. ಆದರೂ ತಡೆಯಲಿಲ್ಲ. ಕಣ್ಣು ತೆರೆದಾಗ ಮುಖದಲ್ಲಿ ಕರುಣೆಯ ಸುಳಿವೂ ಇರಲಿಲ್ಲ.

"ಸಾಕು," ಎಂದಳು.

"ಹಾಗಾದ್ರೆ ಕಿಟಕಿ?"

"ಕಿಟಕಿ ತೆಗೀತೀನಿ ಅಂತ ನಾನ್ಯಾವಾಗ ಹೇಳಿದೆ? ಒಳ್ಳೆ ಬೀಜ ಬೇಕಿದ್ರೆ ಹೋಗಿ ಸಾಲಲ್ಲಿ ನಿಂತ್ಕೋ."

ಅವನು ಬೈದು ಹೊರಟುಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಎದುರಿನ ಖಾಲಿ ಅಂಗಡಿಯನ್ನೊಮ್ಮೆ ನೋಡಿದ. ನೋಡಿ, ತಲೆ ತಗ್ಗಿಸಿಕೊಂಡು ನನ್ನ ಹಿಂದೆ ಬಂದು ನಿಂತ. ನನ್ನ ಸರದಿ ಬಂದಾಗ ನಾನು ಈ ಬೀಜ ಮೂಸಿದೆ, ಆ ಬೀಜ ಮೂಸಿದೆ, ಸ್ವಲ್ಪ ಕಪ್ಪಗೆ ಹುರಿದದ್ದು ಇದೆಯಾ ಎಂದು ಕೇಳಿದೆ. ಅತ್ತಿಗೆಯೂ ಬೇಕೆಂದೇ ಒಂದೊಂದೇ ಡಬ್ಬ ಇಳಿಸಿ ತೋರಿಸಿದಳು. ನಮಗಿಬ್ಬರಿಗೂ ಆವತ್ತು ಯಾವ ಅವಸರವೂ ಇರಲಿಲ್ಲ.